ಬ್ಯಾಂಕ್

ಇಂಗ್ಲಿಷಿನ ನಾಮಪದ, ಕ್ರಿಯಾಪದ. ಹಣಕಾಸು ಸಂಸ್ಥೆ, ನದಿಯ ದಂಡೆ, ಸಾಲಾಗಿ ಜೋಡಿಸಿದ ಉಪಕರಣಗಳು, ತಿರುವಿನಲ್ಲಿ ವಿಮಾನ ಒಂದು ಬದಿಗೆ ವಾಲುವುದು ಇದರ ಮುಖ್ಯ ಅರ್ಥಗಳು.

ದಂಡೆ ಎಂಬ ಅರ್ಥವೇ ಹಳೆಯದು. ಸುಮಾರು 1200ರ ಹೊತ್ತಿಗೆ, ಬಹುಶಃ ಸ್ಕ್ಯಾಂಡಿನೇವಿಯದ ಮೂಲದಿಂದ ಬಂದದ್ದು. ವಿಮಾನದ ವಾಲುವಿಕೆ ಈ ಇಳಿಜಾರಿನದೇ ಕವಲು. ಹಣದ ಬ್ಯಾಂಕ್ ಬಂದ ದಾರಿ ಬೇರೆ, ಹೆಚ್ಚು ಸ್ವಾರಸ್ಯದ್ದು. ಮಧ್ಯಯುಗದ ಇಟಲಿಯ ಪೇಟೆಗಳಲ್ಲಿ ನಾಣ್ಯ ವಿನಿಮಯ ಮಾಡುವ ಸರಾಫರು ಮೇಜು ಹಾಕಿಕೊಂಡು ಕೂರುತ್ತಿದ್ದರು. ಆ ಮೇಜೇ ‘ಬಾಂಕಾ’. ಫ್ರೆಂಚಿನ ಮೂಲಕ 15ನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಇಂಗ್ಲಿಷಿಗೆ ದಾಟಿತು. ದಿವಾಳಿಯನ್ನು ಸೂಚಿಸುವ ‘ಬ್ಯಾಂಕ್‌ರಪ್ಟ್’ನ ಹಿಂದೆ ‘ಬಾಂಕಾ ರೊಟ್ಟಾ’, ಅಂದರೆ ಮುರಿದ ಮೇಜು ಇದೆ. ಸಾಲ ತೀರಿಸಲಾಗದವನ ಮೇಜನ್ನು ನಿಜಕ್ಕೂ ಮುರಿದು ಹಾಕುತ್ತಿದ್ದರಂತೆ ಎಂಬ ಮಾತು ರಂಜಕವಾಗಿದೆ; ಕಥೆಯೆಂದೇ ಓದಿಕೊಳ್ಳುವುದು ಕ್ಷೇಮ.

‘ಬಾಂಕಾ’ ಕೂಡ ಇಟಲಿಗೆ ಹೋದದ್ದು ಜರ್ಮ್ಯಾನಿಕ್ ಭಾಷೆಗಳಿಂದ. ಹಾಗಾಗಿ ನದಿದಂಡೆ, ತಿಜೋರಿ, ಶಾಲೆಯ ಬೆಂಚು ದೂರದ ದಾಯಾದಿಗಳು. ‘ಬ್ಯಾಂಕ್ವೆಟ್’ ಎಂಬ ಔತಣವೂ ಪುಟ್ಟ ಬೆಂಚಿನಿಂದಲೇ ಹುಟ್ಟಿದ್ದು.

ಕನ್ನಡ ಬರಮಾಡಿಕೊಂಡದ್ದು ಹಣದ ಅರ್ಥವನ್ನು. ಅದರ ಬೆನ್ನಿಗೇ ‘ಬ್ಲಡ್ ಬ್ಯಾಂಕ್’, ‘ವೋಟ್ ಬ್ಯಾಂಕ್’ ಬಂದವು. ನದಿಗೆ ದಡ, ದಂಡೆ, ತೀರ ಮೊದಲೇ ಇದ್ದವು.