ಪರರಾಷ್ಟ್ರ ಲಂಚವನ್ನು ಪತ್ತೆಹಚ್ಚುವ ಶಿಕ್ಷಣವೂ ಅದರ ಧನಮೂಲವೂ

ಪರರಾಷ್ಟ್ರದ ಅಧಿಕಾರಿಗಳಿಗೆ ಲಂಚವೀಯುವುದನ್ನು ನಿಷೇಧಿಸುವ ತಮ್ಮ ದೇಶದ ಶಾಸನದ ಜಾರಿಯನ್ನು ಅಮೆರಿಕದ ಅಧ್ಯಕ್ಷರು 2025ರ ಫೆಬ್ರವರಿಯಲ್ಲಿ 180 ದಿನಗಳ ಪುನರ್ವಿಮರ್ಶೆಗೆಂದು ತಡೆಹಿಡಿದ ಮೇಲೆ, ಈ ಲಂಚದ ವಿರುದ್ಧ ಲೋಕವು ನಡೆಸಿದ ಪ್ರಯತ್ನವೇ ಮುಗಿದುಹೋಯಿತೆಂದು ಬರೆಯುವವರು ಹೆಚ್ಚಿದ್ದಾರೆ. ಸತ್ತ್ವವೆಲ್ಲ ಶಾಸನದಲ್ಲಿಯೂ ಭಾರಿ ದಂಡಗಳಲ್ಲಿಯೂ ಅಡಗಿತ್ತೆಂಬ ಭ್ರಮೆಯಿಂದ ಹುಟ್ಟಿದ ಮಾತು ಇದು. ಒಂದು ದೇಶದ ಟೆಂಡರು ಕಡತವನ್ನು ಇನ್ನೊಂದು ದೇಶದ ಬ್ಯಾಂಕಿನ ಲೆಕ್ಕದೊಡನೆ ಜೋಡಿಸಿ ಓದಬಲ್ಲವರನ್ನು ಸಿದ್ಧಪಡಿಸಿದ ಶಿಕ್ಷಣದ ಚರಿತ್ರೆಯನ್ನೂ, ಅದಕ್ಕೆ ಧನವೊದಗಿದ ಬಗೆಯನ್ನೂ ಅವರು ಗಮನಿಸಿದಂತಿಲ್ಲ. ಆ ಕೆಲಸದಲ್ಲಿಯೇ ಬಹುಕಾಲ ಕಳೆದ ನನಗೆ ಈ ಉಪೇಕ್ಷೆ ಸಹ್ಯವಾಗದು.

ಆದಿಭಾಗವನ್ನು ಬೇಗನೆ ದಾಟಬಹುದು. ಸೆನೆಟರ್ ಫ್ರಾಂಕ್ ಚರ್ಚ್ ಅವರ ಉಪಸಮಿತಿಯ ಮುಂದೆ ಲಾಕ್‌ಹೀಡ್ ವಿಮಾನ ಕಂಪನಿಯ ಲಂಚಗಳು ಬಯಲಾದುವು. ಅದೇ ಹಗರಣದಲ್ಲಿ 1976ರಲ್ಲಿ ಜಪಾನಿನ ಮಾಜಿ ಪ್ರಧಾನಿ ತನಾಕಾ ಸೆರೆಯಾದರು. ಮರುವರ್ಷ ಅಮೆರಿಕದ ಶಾಸನ ಹುಟ್ಟಿತು. ಮುಂದಿನ ಇಪ್ಪತ್ತು ವರ್ಷ ಅದಕ್ಕೆ ಜೊತೆಯಿರಲಿಲ್ಲ. ಜರ್ಮನಿ, ಫ್ರಾನ್ಸ್‌ಗಳಂಥ ದೇಶಗಳಲ್ಲಿ ಹೊರದೇಶದಲ್ಲಿ ತೆತ್ತ ಲಂಚವನ್ನು ವ್ಯಾಪಾರದ ಖರ್ಚೆಂದು ತೆರಿಗೆ ಲೆಕ್ಕದಲ್ಲಿ ಕಳೆಯಬಹುದಾಗಿತ್ತು. 1997ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ (ಒಇಸಿಡಿ) ದೇಶಗಳು ಸಹಿ ಹಾಕಿ, 1999ರಲ್ಲಿ ಜಾರಿಗೆ ಬಂದ ಒಡಂಬಡಿಕೆಯೂ, ಪ್ರೊಫೆಸರ್ ಮಾರ್ಕ್ ಪೀಥ್ ಅವರ ಅಧ್ಯಕ್ಷತೆಯಲ್ಲಿ ನಡೆದ ಪರಸ್ಪರ ಪರೀಕ್ಷಣೆಯೂ ಆ ಸ್ಥಿತಿಯನ್ನು ಬದಲಿಸಿದುವು. ಆದರೆ ಅಂದಿನ ಶಿಕ್ಷಣವೆಂದರೆ ಬಹುಮಟ್ಟಿಗೆ ಭಾಷಣವೇ. ತೆರಿಗೆ ಪರೀಕ್ಷಕರಿಗಾಗಿ ಒಇಸಿಡಿ ರಚಿಸಿದ ಕೈಪಿಡಿಯೊಂದು ಮಾತ್ರ, ಉಪದೇಶವನ್ನು ಬಿಟ್ಟು ಲೆಕ್ಕಪುಸ್ತಕದೊಳಕ್ಕೇ ಕರೆದೊಯ್ದುದರಿಂದ, ಇಂದಿಗೂ ಆದರಣೀಯವಾಗಿದೆ.

ಭಾರತಕ್ಕೆ ಈ ವಿದ್ಯೆಯ ಅಗತ್ಯವನ್ನು ತಿಳಿಸಿದುದು ಬೊಫೋರ್ಸ್ ಫಿರಂಗಿ ಖರೀದಿಯ ಲಂಚ ಪ್ರಕರಣ. 1987ರ ಏಪ್ರಿಲಿನಲ್ಲಿ ಸ್ವೀಡಿಷ್ ರೇಡಿಯೋ ಹೊರಗೆಡಹಿದ ಸಂಗತಿಗೆ ಸಂಬಂಧಿಸಿದ ಸ್ವಿಸ್ ಬ್ಯಾಂಕಿನ ಮೊದಲ ಕಾಗದಪತ್ರಗಳು ನಮ್ಮ ಕೈಸೇರಿದುದು 1997ರ ಜನವರಿಯಲ್ಲಿ. ಮೇಲ್ಮನವಿಗಳೂ ರಾಜಕಾರಣವೂ ಈ ವಿಳಂಬಕ್ಕೆ ಕಾರಣವಾದುವೆಂಬುದು ನಿಜವೇ. ಆದರೂ ಅನ್ಯದೇಶದ ನ್ಯಾಯಾಲಯ ಒಪ್ಪುವಂತೆ ವಿನಂತಿಪತ್ರವನ್ನು ರಚಿಸುವುದು ಕಲಿತಲ್ಲದೆ ಬಾರದ ವಿದ್ಯೆಯೆಂಬುದು ನನ್ನ ತಲೆಮಾರಿನವರಿಗೆ ಮನದಟ್ಟಾದುದು ಆ ಹತ್ತು ವರ್ಷಗಳಲ್ಲಿ.

ಧನದ ಪ್ರಶ್ನೆಗೆ ಹೊಸ ಉತ್ತರ ದೊರೆತುದು ಜರ್ಮನಿಯ ಸೀಮೆನ್ಸ್ ಕಂಪನಿಯ ಲಂಚ ಪ್ರಕರಣದಿಂದ. 2008ರಲ್ಲಿ ಅಮೆರಿಕಕ್ಕೂ ಜರ್ಮನಿಗೂ ಅಪಾರ ದಂಡ ತೆತ್ತ ಆ ಕಂಪನಿಯು, ಮರುವರ್ಷ ವಿಶ್ವಬ್ಯಾಂಕಿನೊಡನೆ ಮಾಡಿಕೊಂಡ ಒಪ್ಪಂದದಂತೆ, ಹದಿನೈದು ವರ್ಷಗಳಲ್ಲಿ 10 ಕೋಟಿ ಡಾಲರುಗಳನ್ನು ಭ್ರಷ್ಟಾಚಾರ ನಿರೋಧಕ್ಕೆ ವಿನಿಯೋಗಿಸಲು ಬದ್ಧವಾಯಿತು. ಸರ್ಕಾರಿ ಖರೀದಿಯ ಶುದ್ಧಿಯನ್ನು ಕುರಿತು ವಿಶ್ವಸಂಸ್ಥೆಯ ಕಚೇರಿ ನಮ್ಮ ದೇಶದಲ್ಲಿ ನಡೆಸಿದ ಯೋಜನೆಗೂ ಈ ನಿಧಿಯೇ ಆಧಾರ. ತಪ್ಪಿತಸ್ಥನ ಹಣದಿಂದ ಇಂಥ ಶಿಕ್ಷಣ ನಡೆಯಬಹುದೆ ಎಂದು ಸಂದೇಹಿಸಿದವರಿದ್ದಾರೆ. ನಡೆಯಬಹುದು, ನಡೆಯಲೇಬೇಕು ಎಂಬುದು ನನ್ನ ನಿಶ್ಚಿತಾಭಿಪ್ರಾಯ. ಪಾಠವನ್ನು ನಿರ್ಣಯಿಸುವ ಅಧಿಕಾರ ಮಾತ್ರ ಹಣ ಕೊಟ್ಟವನದಾಗಿರಕೂಡದು. ಬ್ರಿಟನ್ 2006ರಿಂದ ಹಿಡಿದ ಮಾರ್ಗ ಇದಕ್ಕಿಂತಲೂ ಶ್ಲಾಘ್ಯವಾದುದು: ಬಡದೇಶಗಳಿಗೆಂದು ತೆಗೆದಿರಿಸಿದ ನೆರವಿನ ಹಣದಲ್ಲಿ ಒಂದು ಪಾಲನ್ನು, ಆ ದೇಶಗಳಲ್ಲಿ ಲಂಚ ಕೊಡುವ ತನ್ನವರನ್ನೇ ತನಿಖೆಮಾಡುವ ಲಂಡನ್ನಿನ ಪೊಲೀಸರಿಗೆ ಅದು ಒದಗಿಸಿತು.

ಬೋಧನೆಯ ಕ್ರಮಗಳಲ್ಲಿ ನಾನು ಶ್ರೇಷ್ಠವೆಂದು ಎಣಿಸುವುದು ಬಾಸೆಲ್ ನಗರದಲ್ಲಿರುವ ಸುಶಾಸನ ಸಂಸ್ಥೆ (ಬಾಸೆಲ್ ಇನ್‌ಸ್ಟಿಟ್ಯೂಟ್ ಆನ್ ಗವರ್ನೆನ್ಸ್) ಬೆಳೆಸಿದುದನ್ನು. ಅಲ್ಲಿ ಶಿಕ್ಷಣಾರ್ಥಿಯ ಕೈಗೆ ಕೊಡುವುದು ಕಲ್ಪಿತವಾದರೂ ಸಾಂಗವಾದ ಒಂದು ಪ್ರಕರಣದ ಕಡತ. ಮಾಡದ ಕೆಲಸಕ್ಕೆ ಸಮಾಲೋಚನಾ ಶುಲ್ಕವೆಂದು ಬರೆದ ಇನ್‌ವಾಯ್ಸು, ನೌಕರರೇ ಇಲ್ಲದ ಕಂಪನಿ, ಮಂತ್ರಿಯ ಬಂಧುವಿನ ಹೆಸರಿನ ಖಾತೆ, ಇವುಗಳ ನಡುವೆ ಹಣ ಹರಿದ ದಾರಿಯನ್ನು ಅವನೇ ಹುಡುಕಿ, ಪರದೇಶಕ್ಕೆ ಕಳುಹಬೇಕಾದ ವಿನಂತಿಯನ್ನು ಅವನೇ ಬರೆಯತಕ್ಕದ್ದು. ಲಂಚ ಕೊಟ್ಟ ದೇಶದವನೂ ಪಡೆದ ದೇಶದವನೂ ಒಂದೇ ಮೇಜಿನ ಬಳಿ ಕುಳಿತು ಇಂಥ ಕಡತವನ್ನು ಬಿಡಿಸಿದಾಗ ಆಗುವ ಪರಿಚಯ ಮುಂದೆ ನಿಜವಾದ ಪ್ರಕರಣದಲ್ಲಿ ಫಲಿಸುತ್ತದೆ. ಇಟಲಿಯ ಓಸ್ಟಿಯಾದಲ್ಲಿ ಹಣಕಾಸು ಪೊಲೀಸರ ಆಶ್ರಯದಲ್ಲಿ ಆರಂಭವಾದ ತೆರಿಗೆ ಅಪರಾಧ ತನಿಖೆಯ ಶಾಲೆಯೂ, 2017ರಲ್ಲಿ ನೈರೋಬಿಯಲ್ಲಿ ತೆರೆದ ಅದರ ಆಫ್ರಿಕದ ಶಾಖೆಯೂ ಸ್ತುತ್ಯವಾದ ಪ್ರಯತ್ನಗಳು.

ಇಷ್ಟೆಲ್ಲ ನಡೆದರೂ ಅರ್ಧ ಕೆಲಸ ಹಾಗೆಯೇ ಉಳಿದಿದೆ. ಒಇಸಿಡಿ 2014ರಲ್ಲಿ 427 ಪ್ರಕರಣಗಳನ್ನು ಪರಿಶೀಲಿಸಿದಾಗ, ನಾಲ್ಕರಲ್ಲಿ ಮೂರರಷ್ಟು ಪ್ರಕರಣಗಳಲ್ಲಿ ದಲ್ಲಾಳಿಗಳಿದ್ದರೆಂದೂ, ಸುಮಾರು ಮೂರನೆಯ ಒಂದು ಭಾಗ ಬೆಳಕಿಗೆ ಬಂದುದು ಕಂಪನಿಗಳ ಸ್ವಯಂನಿವೇದನೆಯಿಂದೆಂದೂ, ಒಳಗಿನ ನೌಕರ ಧೈರ್ಯದಿಂದ ದೂರಿತ್ತುದರಿಂದ ಬಯಲಾದುವು ಶೇಕಡ 2 ಮಾತ್ರವೆಂದೂ ಕಂಡುಬಂದಿತು. ಕಾಣುವುದನ್ನು ಕಲಿಸಲು ಹಣ ದೊರೆಯಿತು. ಕಂಡುದನ್ನು ಹೇಳುವವನಿಗೆ ರಕ್ಷಣೆ ದೊರೆಯಲಿಲ್ಲ. ತನಿಖಾಧಿಕಾರಿಗೆ ಶಿಕ್ಷಣಕ್ಕಾಗಿ ವಿಯೆನ್ನಾದವರೆಗೆ ಪ್ರಯಾಣದ ವೆಚ್ಚ ಸಿಕ್ಕುತ್ತದೆ. ಸಂಶಯಾಸ್ಪದವಾದ ಬಿಲ್ಲನ್ನು ಮೊದಲು ಕಾಣುವ ಖರೀದಿ ಶಾಖೆಯ ಗುಮಾಸ್ತನಿಗೂ ಲೆಕ್ಕತಪಾಸಕನಿಗೂ ತಮ್ಮ ಊರಿನಲ್ಲಿ ಒಂದು ಪಾಠವೂ ದುರ್ಲಭ.

ನಮ್ಮ ದೇಶ ವಿಶ್ವಸಂಸ್ಥೆಯ ಭ್ರಷ್ಟಾಚಾರ ನಿರೋಧ ಒಡಂಬಡಿಕೆಯನ್ನು 2011ರಲ್ಲಿ ಅನುಮೋದಿಸಿತು. ಅದೇ ವರ್ಷ ಲೋಕಸಭೆಯಲ್ಲಿ ಮಂಡಿತವಾದ ಪರರಾಷ್ಟ್ರ ಲಂಚದ ಮಸೂದೆ ಶಾಸನವಾಗದೆ ಬಿದ್ದುಹೋಯಿತು. ಮಾಹಿತಿದಾರರ ರಕ್ಷಣೆಗೆಂದು 2014ರಲ್ಲಿ ಅಂಗೀಕೃತವಾದ ಕಾಯಿದೆ ಜಾರಿಗೆ ಬಾರದೆ ಉಳಿದಿದೆ. ಹದಿನೈದು ವರ್ಷಗಳ ಅನುದಾನ ಎಂದಾದರೂ ತೀರತಕ್ಕದ್ದೇ, ಪರದೇಶದ ಉತ್ಸಾಹ ಎಂದಾದರೂ ಕುಗ್ಗತಕ್ಕದ್ದೇ. ಆದುದರಿಂದ ನಮ್ಮ ಸರ್ಕಾರ ಮಾಹಿತಿದಾರರ ರಕ್ಷಣೆಯ ಆ ಕಾಯಿದೆಯನ್ನು ಜಾರಿಗೆ ತಂದು, ವಸೂಲಾದ ದಂಡದ ಒಂದು ನಿಯತ ಭಾಗವನ್ನು ಈ ಶಿಕ್ಷಣಕ್ಕೆ ಮೀಸಲಿರಿಸಲಿ. ಹೊರದೇಶಗಳೊಡನೆ ದಿನವೂ ವ್ಯವಹರಿಸುವ ಬೆಂಗಳೂರಿನ ಲೆಕ್ಕಪರಿಶೋಧಕರ ಸಂಘಗಳು ಬಾಸೆಲ್ಲಿನದರಂಥ ಕಲ್ಪಿತ ಪ್ರಕರಣದ ಒಂದು ಕಡತವನ್ನು ಕನ್ನಡದಲ್ಲಿ ಸಿದ್ಧಪಡಿಸಿ, ಜಿಲ್ಲೆಯ ಖರೀದಿ ಶಾಖೆಗಳವರೆಗೂ ಮುಟ್ಟಿಸಲಿ ಎಂದು ಪ್ರಾರ್ಥಿಸುತ್ತೇನೆ.