ಮಾರುತ್ ವಿಮಾನದ ಹೊಟ್ಟಿ

ನಮ್ಮ ಮಗಗ ಹಳೇ ಯುದ್ಧವಿಮಾನದ ಸಣ್ಣ ಸಣ್ಣ ಮಾಡೆಲ್ ಮಾಡೋ ಹುಚ್ಚು. ಊಟದ ಟೇಬಲ್ ತುಂಬ ಪ್ಲಾಸ್ಟಿಕ್ ಚೂರು, ಬಣ್ಣದ ಡಬ್ಬಿ. ಈ ಸಲ ಎಚ್‌ಎಫ್-24 ಮಾರುತ್ ಹಿಡದಿದ್ದ, ಅದೂ ಎರಡು ಸೀಟಿಂದು. ಯಾಕಂದ್ರ ನಮ್ಮ ಭಾವನವರು ಬೆಂಗಳೂರಿನ ಎಚ್‌ಎಎಲ್‌ನಾಗ ಅದರ ಮ್ಯಾಲೇ ಕೆಲಸ ಮಾಡಿದವರು. ಈಗ ನಮ್ಮ ಜೋಡೀನೇ ಇರ್ತಾರ. ಮರವು ಭಾಳ ಆಗೇದ. ನಾಷ್ಟಾ ಆತೋ ಇಲ್ಲೋ ಅನ್ನೋದೂ ನೆನಪಿರಂಗಿಲ್ಲ.

ಮಾರುತ್ ನಮ್ಮ ದೇಶದಾಗs ವಿನ್ಯಾಸ ಮಾಡಿ ತಯಾರಿಸಿದ ಮೊದಲನೇ ಜೆಟ್ ಯುದ್ಧವಿಮಾನ. ಜರ್ಮನಿಯ ಕುರ್ಟ್ ಟಾಂಕ್ ಅವರ ಮುಂದಾಳತ್ವದಾಗ ವಿನ್ಯಾಸ ಆತು. 1959ರಾಗ ಮೊದಲ ಅಷ್ಟೇ ಅಳತಿಯ ಕಟ್ಟಿಗಿ ಗ್ಲೈಡರ್ ಮಾಡಿ, ಇನ್ನೊಂದು ವಿಮಾನದಿಂದ ಎಳಿಸಿ ಹಾರಿಸಿ ನೋಡಿದ್ರು. ನಾವು ಹೊಸಾ ನಮೂನಿ ಬ್ಲೌಸ್ ಮೊದಲ ಹಳೇ ಅರಿವಿಯೊಳಗ ಹೊಲದು ನೋಡತೀವಲ್ಲ, ಹಂಗ. ಖರೇ ವಿಮಾನ ಹಾರಿದ್ದು 1961ರ ಜೂನ್ 17ಕ್ಕ. ಒಟ್ಟ 147 ತಯಾರಾದ್ವು, ಅದರಾಗ ಎರಡು ಸೀಟಿನವು ಬರೇ 18. 1971ರ ಯುದ್ಧದಾಗ ರಾಜಸ್ಥಾನದ ಕಡೆ ಹೋರಾಡಿದ್ವು.

ಮಗ ಮಾಡೋದು 72ರಾಗ ಒಂದು ಪಾಲು. ಖರೇ ವಿಮಾನದ ರೆಕ್ಕಿ ಈ ತುದಿಯಿಂದ ಆ ತುದಿಗೆ 9 ಮೀಟರ್. ಮಾಡೆಲ್‌ನಾಗ ಹನ್ನೆರಡೂವರಿ ಸೆಂಟಿಮೀಟರ್, ನನ್ನ ಲಟ್ಟಣಿಗಿಗಿಂತ ಸಣ್ಣದು! ಒಂದು ಮಿಲಿಮೀಟರ್ ತಪ್ಪಿದ್ರ ಖರೇದ್ರಾಗ 7 ಸೆಂಟಿಮೀಟರ್ ತಪ್ಪಿಧಂಗ. ಅದಕ್ಕ ಒಂದೊಂದು ಗೆರಿಗೂ ಫೋಟೋ ಹುಡುಕತಾನ. ಆದ್ರ ಮಂದಿ ವಿಮಾನದ ಫೋಟೋ ತಗಿಯೋದು ಮುಂದಿಂದ, ಬಾಜೂಲಿಂದ. ಹೊಟ್ಟಿ ಕೆಳಗ ಮಲಗಿ ಯಾರು ತಗೀತಾರ? ಸಿಕ್ಕ ಒಂದೆರಡು ಫೋಟೋ ಒಂದೇ ಸೀಟಿನ ವಿಮಾನದ್ದು. ಅದನ್ನೇ ನೋಡಿ ಹೊಟ್ಟಿ ಮ್ಯಾಲೆ ರಾಕೆಟ್ ಪೆಟ್ಟಿಗಿ ಗೆರಿ ಕೊರದಿದ್ದ.

ಸಂಜಿಗೆ ಭಾವನವರ ಕೈಯಾಗ ಕೊಟ್ಟ. ಅವರು ತಿರುವಿ ಹಾಕಿ, ಹೊಟ್ಟಿ ಮ್ಯಾಲೆ ಬಟ್ಟಾಡಿಸಿ, "ಎರಡು ಸೀಟಿಂದಲ್ಲೇನೋ ಇದು? ರಾಕೆಟ್ ಎಲ್ಲಿಂದ ಬಂತು? ಅದನ್ನ ತಗದs ಹಿಂದಿನ ಸೀಟು ಕೂಡಿಸಿದ್ವಿ" ಅಂದ್ರು. ನಾನು ಒಗ್ಗರಣಿ ಸೌಟು ಹಿಡಕೊಂಡು ಹಂಗs ನಿಂತೆ. ಮಗ ಪುಸ್ತಕ ತಗದು ನೋಡಿದ. ಖರೇ! 50 ರಾಕೆಟ್ ಹಿಡಿಯೋ ಆ ಪೆಟ್ಟಿಗಿ ತಗದೇ ಎರಡನೇ ಸೀಟಿಗೆ ಜಾಗಾ ಮಾಡಿದ್ರು.

ಮಗ ಸಿಟ್ಟಾಗಲಿಲ್ಲ. ಆ ಗೆರಿಗೆಲ್ಲಾ ಪುಟ್ಟಿ ತುಂಬಿ ಉಜ್ಜಿದ. ಈಗ ದಿನಾ ಚಹಾದ ಹೊತ್ತಿಗೆ ದೊಡ್ಡಪ್ಪನ ಬಾಜೂಕ ನೋಟಬುಕ್ ಹಿಡದು ಕೂಡತಾನ. ಕೆಲವು ದಿನ ಏನೂ ನೆನಪಾಗಂಗಿಲ್ಲ, ಬರೇ ಚಹಾ ಕುಡದು ಏಳತಾರ.

ನಿಮ್ಮ ಮನಿ ಹಿರ್ಯಾರೂ ಗಿರಣಿಯೊಳಗೋ, ರೇಲ್ವೆದಾಗೋ ಕೆಲಸ ಮಾಡಿದ್ರ ಇವತ್ತs ಕೇಳಿ ಬರಕೋರಿ. ನಾಳೆ ಕೇಳಿದ್ರಾತು ಅನಬ್ಯಾಡ್ರಿ.