ಸಿ.ಡಿ. ನರಸಿಂಹಯ್ಯ: ಇಂಗ್ಲಿಷ್ ತರಗತಿಯಲ್ಲಿ ಭಾರತೀಯತೆಯ ಶೋಧ

ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್ ಅಧ್ಯಾಪಕ ಪರಂಪರೆಗೆ ಆಧುನಿಕ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ವಿಶಿಷ್ಟ ಸ್ಥಾನವಿದೆ. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಬೋಧಿಸುತ್ತಲೇ ‘ಇಂಗ್ಲಿಷ್ ಗೀತಗಳು’ (1926) ಸಂಕಲನದಿಂದ ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದರು. ಎಸ್.ವಿ. ರಂಗಣ್ಣನವರು ತಮ್ಮ ಪಾಶ್ಚಾತ್ಯ ಸಾಹಿತ್ಯದ ವ್ಯಾಸಂಗವನ್ನು ಕನ್ನಡ ವಿಮರ್ಶೆಗೆ ಧಾರೆಯೆರೆದರು. ಇದೇ ಪರಂಪರೆಗೆ ಸೇರಿದ ಸಿ.ಡಿ. ನರಸಿಂಹಯ್ಯನವರು (1921–2005) ಹಿಡಿದ ಮಾರ್ಗ ಮಾತ್ರ ಭಿನ್ನವಾದುದು. ಹಿರಿಯರು ಇಂಗ್ಲಿಷ್ ತರಗತಿಯ ಫಲವನ್ನು ಕನ್ನಡಕ್ಕೆ ತಂದರೆ, ಇವರು ಆ ತರಗತಿಯ ಒಳಗನ್ನೇ ಬದಲಿಸಲು ಯತ್ನಿಸಿದರು. ಅವರ ಅರ್ಧ ಶತಮಾನದ ದುಡಿಮೆಯ ಸಾಧನೆಯನ್ನೂ ಮಿತಿಯನ್ನೂ ಈ ನೆಲೆಯಿಂದ ನೋಡುವುದು ಯುಕ್ತ.

ಅವರ ಹೆಸರಿನ ಮೊದಲ ಅಕ್ಷರ ಸೂಚಿಸುವುದು ಕ್ಲೋಸ್‌ಪೇಟೆಯನ್ನು, ಅಂದರೆ ಇಂದಿನ ರಾಮನಗರವನ್ನು. ಉನ್ನತ ವ್ಯಾಸಂಗಕ್ಕಾಗಿ ಕೇಂಬ್ರಿಡ್ಜ್‌ಗೆ ತೆರಳಿದ ಅವರು ಅಲ್ಲಿ ಎಫ್.ಆರ್. ಲೀವಿಸರ ಶಿಷ್ಯರಾದರು. ಕವಿಯ ಜೀವನಚರಿತ್ರೆಯನ್ನಾಗಲಿ ಯುಗಧರ್ಮದ ವಿವರಣೆಯನ್ನಾಗಲಿ ಆಶ್ರಯಿಸದೆ, ಕೃತಿಯ ಮಾತುಮಾತನ್ನೂ ತೂಗಿ ನೋಡಿ ಮೌಲ್ಯ ನಿರ್ಣಯಿಸುವುದು ಲೀವಿಸರ ಕ್ರಮ. ಸ್ವದೇಶಕ್ಕೆ ಮರಳಿದ ನರಸಿಂಹಯ್ಯನವರು ಮಹಾರಾಜ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಅದರ ಪ್ರಾಂಶುಪಾಲರೂ ಆಗಿ ಸೇವೆ ಸಲ್ಲಿಸಿದರು. 1952ರಲ್ಲಿ ಅವರು ಆರಂಭಿಸಿದ ‘ದಿ ಲಿಟರರಿ ಕ್ರೈಟೀರಿಯನ್’ ಪತ್ರಿಕೆ ಮೈಸೂರನ್ನು ಇಂಗ್ಲಿಷ್ ವಿಮರ್ಶೆಯ ಗಣ್ಯ ಕೇಂದ್ರವನ್ನಾಗಿಸಿತು.

ಆದರೆ ಕಾಲ ಬದಲಾಗಿತ್ತು. ಆಳಿದವರು ಹೊರಟುಹೋದ ಮೇಲೆ ಅವರ ಸಾಹಿತ್ಯವನ್ನು ಕಲಿಸುವ ಅಧ್ಯಾಪಕನ ಕರ್ತವ್ಯವೇನು? ವಿಶ್ವವಿದ್ಯಾಲಯಗಳ ಇಂಗ್ಲಿಷ್ ವಿಭಾಗಗಳೆಲ್ಲ ಎದುರಿಸಬೇಕಾಗಿದ್ದ ಪ್ರಶ್ನೆಯಿದು. ಲೀವಿಸರಿಂದ ಕಲಿತ ಮೌಲ್ಯವಿವೇಚನೆಯನ್ನು ನರಸಿಂಹಯ್ಯನವರು ತಮ್ಮ ನೆಲದ ಕೃತಿಗಳಿಗೇ ಅನ್ವಯಿಸಿ ಇದಕ್ಕೆ ಉತ್ತರ ಅರಸಿದರು. ಭಾರತೀಯರ ಇಂಗ್ಲಿಷ್ ಬರವಣಿಗೆಯನ್ನು ಗಂಭೀರ ಅಧ್ಯಯನದ ವಸ್ತುವೆಂದು ಸ್ಥಾಪಿಸಿದ ಮೊದಲಿಗರಲ್ಲಿ ಅವರೊಬ್ಬರು. ಅರವಿಂದರು, ನೆಹರೂ, ಮುಲ್ಕ್ ರಾಜ್ ಆನಂದ್, ಆರ್.ಕೆ. ನಾರಾಯಣ್ ಮೊದಲಾದವರನ್ನು ವಿವೇಚಿಸುವ ‘ದಿ ಸ್ವಾನ್ ಅಂಡ್ ದಿ ಈಗಲ್’ 1969ರಲ್ಲಿ ಪ್ರಕಟವಾಯಿತು. ಆಸ್ಟ್ರೇಲಿಯಾ ಮೊದಲಾದ ಕಾಮನ್‌ವೆಲ್ತ್ ದೇಶಗಳ ಸಾಹಿತ್ಯದತ್ತಲೂ ಅವರು ಅಭ್ಯಾಸಿಗಳ ಗಮನ ಸೆಳೆದರು.

ಅವರು ವಿಶೇಷವಾಗಿ ಎತ್ತಿಹಿಡಿದ ಲೇಖಕರು ಹಾಸನದಲ್ಲಿ ಹುಟ್ಟಿದ ರಾಜಾರಾವ್. ‘ಕಾಂತಾಪುರ’ (1938) ಕಾದಂಬರಿಯಲ್ಲಿ ಕನ್ನಡ ನಾಡಿನ ಹಳ್ಳಿಯೊಂದರ ಮುದುಕಿ ಗಾಂಧೀಯುಗದ ಕಥೆಯನ್ನು ಪುರಾಣ ಹೇಳುವಂತೆ ಇಂಗ್ಲಿಷಿನಲ್ಲಿ ನಿರೂಪಿಸುತ್ತಾಳೆ. ಅಲ್ಲಿನ ಇಂಗ್ಲಿಷಿನ ಲಯ ಲಂಡನ್ನಿನದಲ್ಲ. ಅದರ ಉಸಿರು ಜಗಲಿಯ ಮಾತಿನದು. ಇಂಥ ಕೃತಿಯನ್ನು ಷೇಕ್ಸ್‌ಪಿಯರನನ್ನು ಓದುವಷ್ಟೇ ನಿಷ್ಠುರವಾಗಿ ಓದಬೇಕೆಂಬುದು ಅಂದಿಗೆ ದಿಟ್ಟ ನಿಲುವಾಗಿತ್ತು.

ಮುಂದಿನ ಹೆಜ್ಜೆ ಮಾನದಂಡಗಳನ್ನು ಕುರಿತದ್ದು. ಓದುವ ಕೃತಿ ಭಾರತೀಯವಾದರೂ ಅಳೆಯುವ ಕೋಲು ಪರಕೀಯವಾಗಿಯೇ ಉಳಿದರೆ ಸ್ವಾತಂತ್ರ್ಯ ಅಪೂರ್ಣವೆಂಬ ಚಿಂತನೆ ಅವರನ್ನು ಭಾರತೀಯ ಕಾವ್ಯಮೀಮಾಂಸೆಯತ್ತ ಒಯ್ದಿತು. ಎಂ. ಹಿರಿಯಣ್ಣನವರು ಸಂಸ್ಕೃತ ಬೋಧಿಸಿದ್ದ ಕಾಲೇಜಿನ ಅಧ್ಯಾಪಕರಿಗೆ ಇದು ಅಪರಿಚಿತ ದಾರಿಯೇನಲ್ಲ. 1979ರಲ್ಲಿ ಮೈಸೂರಿನಲ್ಲಿ ಅವರು ಸ್ಥಾಪಿಸಿದ ಅಧ್ಯಯನ ಕೇಂದ್ರಕ್ಕೆ ಆನಂದವರ್ಧನನ ಗ್ರಂಥದ ಹೆಸರನ್ನೇ ಇಟ್ಟು ‘ಧ್ವನ್ಯಾಲೋಕ’ವೆಂದು ಕರೆದರು. ದೇಶವಿದೇಶಗಳ ಲೇಖಕರೂ ಸಂಶೋಧಕರೂ ಅಲ್ಲಿಗೆ ಬಂದು ಚರ್ಚಿಸಿದರು. ನಿವೃತ್ತಿ ವಿಶ್ರಾಂತಿಯ ಕಾಲವೆಂಬ ರೂಢಿಗೆ ವಿರುದ್ಧವಾಗಿ, ಅವರ ಅಧ್ಯಾಪನ ಅಲ್ಲಿ ಹೊಸ ರೂಪ ಪಡೆಯಿತು.

ಈ ದುಡಿಮೆ ಕನ್ನಡಕ್ಕೆ ಏನು ಕೊಟ್ಟಿತು? ನರಸಿಂಹಯ್ಯನವರ ಮುಖ್ಯ ಬರವಣಿಗೆಯೆಲ್ಲ ಇಂಗ್ಲಿಷಿನಲ್ಲಿದೆ. ಆದ್ದರಿಂದ ಬಿ.ಎಂ.ಶ್ರೀ. ಅವರ ಕೊಡುಗೆಯಂತೆ ಇವರದು ನೇರವಾಗಿ ಕಾಣುವುದಿಲ್ಲ. ಆದರೂ ಅವರ ಶಿಷ್ಯರಾದ ಯು.ಆರ್. ಅನಂತಮೂರ್ತಿಯವರು ಕನ್ನಡದ ನವ್ಯ ಸಾಹಿತ್ಯದ ಪ್ರಮುಖರಾದರೆಂಬುದು, ನವ್ಯ ವಿಮರ್ಶೆ ಕೃತಿನಿಷ್ಠತೆಯನ್ನು ತನ್ನ ಮುಖ್ಯ ತತ್ತ್ವವಾಗಿ ಸ್ವೀಕರಿಸಿತೆಂಬುದು ಗಮನಾರ್ಹ. ಮೈಸೂರಿನ ಇಂಗ್ಲಿಷ್ ತರಗತಿಯ ಓದಿನ ಶಿಸ್ತು ಶಿಷ್ಯರ ಮೂಲಕ ಕನ್ನಡದೊಳಗೆ ಹರಿದುಬಂದಿತು.

ಇನ್ನೊಂದು ಪ್ರಶ್ನೆಯೂ ಉಳಿಯುತ್ತದೆ. ಭಾರತೀಯ ಮಾನದಂಡವನ್ನು ಅರಸಿದಾಗ ಅವರು ಮುಖ್ಯವಾಗಿ ನೆಮ್ಮಿದ್ದು ಸಂಸ್ಕೃತವನ್ನು. ‘ಧ್ವನ್ಯಾಲೋಕ’ ರಚಿತವಾದ ಒಂಬತ್ತನೆಯ ಶತಮಾನದಲ್ಲಿಯೇ ಕನ್ನಡದ ‘ಕವಿರಾಜಮಾರ್ಗ’ವೂ ರಚಿತವಾಯಿತು. ಧ್ವನಿಯನ್ನು ಅಲಂಕಾರವಾಗಿ ಹೆಸರಿಸಿದ ಆ ಗ್ರಂಥ, ಮಾರ್ಗವನ್ನು ಒಪ್ಪಿಕೊಂಡೂ ದೇಸಿಗೆ ನೆಲೆ ಕಲ್ಪಿಸಿತು. ವಚನಕಾರರ ಮತ್ತು ಜನಪದರ ನುಡಿಯನ್ನು ಅಳೆಯುವ ಕೋಲು ಯಾವುದೆಂಬ ಪ್ರಶ್ನೆಗೆ ಸಂಸ್ಕೃತ ಮೀಮಾಂಸೆಯಷ್ಟೇ ಸಾಲದು. ಇದು ಅವರ ಯೋಜನೆಯ ಮಿತಿ. ಆದರೆ ಈ ಪ್ರಶ್ನೆಯನ್ನು ಇಂಗ್ಲಿಷ್ ವಿಭಾಗದಲ್ಲಿ ಕೇಳಬಹುದಾದ ವಾತಾವರಣವನ್ನು ಸಿದ್ಧಗೊಳಿಸಿದವರಲ್ಲಿ ಅವರೇ ಅಗ್ರಗಣ್ಯರು.

1990ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ನೀಡಿ ಗೌರವಿಸಿತು. ಮರುವರ್ಷ ಪ್ರಕಟವಾದ ಆತ್ಮಕಥೆಗೆ ಅವರು ‘ಎನ್ ಫಾರ್ ನೋಬಡಿ’ ಎಂಬ ಹೆಸರಿಟ್ಟು, ‘ಇಂಗ್ಲಿಷ್ ಮೇಷ್ಟರೊಬ್ಬರ ಆತ್ಮಕಥೆ’ ಎಂಬ ಅರ್ಥದ ಉಪಶೀರ್ಷಿಕೆ ಕೊಟ್ಟರು. ಸಂಪಾದಕ, ವಿಮರ್ಶಕ, ಸಂಸ್ಥಾಪಕ ಎಂಬ ಹಲವು ಬಿರುದುಗಳಿಗೆ ಅರ್ಹರಾಗಿದ್ದವರು ತಮ್ಮ ಬದುಕಿನ ಗುರುತಾಗಿ ಆಯ್ದುಕೊಂಡದ್ದು ಮೇಷ್ಟರೆಂಬ ಪದವನ್ನು.